ಔಷಧ ಪರೀಕ್ಷೆಯಲ್ಲಿ ವಿಧಿಲೋಪ

ಹೊಸ ಔಷಧವೊಂದು ಅಂಗಡಿಗೆ ಬರುವುದಕ್ಕೆ ಮೊದಲು ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುತ್ತಾರೆಂಬುದು ಓದುಗರಿಗೆ ತಿಳಿದ ವಿಷಯವೇ. ಒಂದು ಗುಂಪಿಗೆ ಹೊಸ ಔಷಧ. ಇನ್ನೊಂದು ಗುಂಪಿಗೆ ಹಳೆಯ ಔಷಧ, ಅಥವಾ ನೋಟಕ್ಕೆ ಹೊಸದರಂತೆಯೇ ಇದ್ದು ಒಳಗೆ ಔಷಧದ ಅಂಶವಿಲ್ಲದ ಹುಸಿಗುಳಿಗೆ. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುತ್ತಾರೆ. ಕೊನೆಗೆ ಎರಡು ಗುಂಪುಗಳ ಫಲಿತಾಂಶಗಳನ್ನು ಹೋಲಿಸಿ ನೋಡುತ್ತಾರೆ. ತಿರುಳು ಇಷ್ಟೇ. ಆದರೆ ಇಷ್ಟನ್ನು ನೆರವೇರಿಸುವುದಕ್ಕಾಗಿ ಮೊದಲೇ ಬರೆದಿಡುವ ಬರಹ ಮಾತ್ರ ಸಣ್ಣದಲ್ಲ. ಎಂಥ ರೋಗಿಯನ್ನು ಸೇರಿಸಿಕೊಳ್ಳಬೇಕು, ಔಷಧವನ್ನು ಎಷ್ಟು ಹೊತ್ತಿಗೊಮ್ಮೆ ಕೊಡಬೇಕು, ರಕ್ತವನ್ನು ಎಷ್ಟನೆಯ ದಿನ ತೆಗೆಯಬೇಕು, ಯಾವ ಲಕ್ಷಣ ಕಂಡರೆ ಔಷಧವನ್ನು ನಿಲ್ಲಿಸಬೇಕು, ಇವೆಲ್ಲವೂ ಅದರಲ್ಲಿರುತ್ತವೆ. ಇಂಗ್ಲಿಷಿನವರು ಇದನ್ನು ಪ್ರೋಟೋಕಾಲ್ ಎನ್ನುತ್ತಾರೆ. ನಾವು ಈ ಲೇಖನದಲ್ಲಿ ವಿಧಿಪತ್ರವೆಂದು ಕರೆಯೋಣ.

ವಿಧಿಪತ್ರವನ್ನು ಮೇಜಿನ ಮುಂದೆ ಕುಳಿತು ಬರೆಯುತ್ತಾರೆ. ನಡೆಸಬೇಕಾದದ್ದು ಆಸ್ಪತ್ರೆಯ ಗದ್ದಲದಲ್ಲಿ. ಹದಿನಾಲ್ಕನೆಯ ದಿನ ಬರಬೇಕಾಗಿದ್ದ ರೋಗಿ ಊರಿನ ಜಾತ್ರೆ ಮುಗಿಸಿಕೊಂಡು ಹದಿನೆಂಟನೆಯ ದಿನ ಬರುತ್ತಾನೆ. ಇನ್ನೊಬ್ಬಳು ಗುಳಿಗೆಯಿಂದ ಹೊಟ್ಟೆ ತೊಳಸುತ್ತದೆಂದು ವಾರಗಟ್ಟಲೆ ಅದನ್ನು ಡಬ್ಬಿಯಲ್ಲಿಯೇ ಬಿಡುತ್ತಾಳೆ. ಅರವತ್ತೈದು ವರ್ಷ ದಾಟಿದವರು ಕೂಡದೆಂದಿದ್ದರೂ ಅರವತ್ತಾರರ ಒಬ್ಬರು ಹೇಗೋ ಒಳಗೆ ಬಂದಿರುತ್ತಾರೆ. ಕೆಲಸದ ಒತ್ತಡದಲ್ಲಿ ದಾದಿಯೊಬ್ಬಳು ಒಬ್ಬರ ಶೀಸೆಯನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾಳೆ. ಇವೆಲ್ಲವೂ ವಿಧಿಲೋಪಗಳು. ನೂರಾರು ರೋಗಿಗಳೂ ಹತ್ತಾರು ಆಸ್ಪತ್ರೆಗಳೂ ಸೇರಿದ ಪರೀಕ್ಷೆಯಲ್ಲಿ ಒಂದು ಲೋಪವೂ ಆಗಲಿಲ್ಲವೆಂದು ಯಾರಾದರೂ ವರದಿ ಬರೆದರೆ, ಆ ವರದಿಯನ್ನೇ ಮೊದಲು ಸಂದೇಹಿಸಬೇಕು.

ಪ್ರಶ್ನೆಯೆಂದರೆ, ಕೊನೆಯ ಲೆಕ್ಕದ ಹೊತ್ತಿಗೆ ಇಂಥವರನ್ನು ಏನು ಮಾಡಬೇಕು? ಔಷಧವನ್ನೇ ನುಂಗದವನನ್ನು ಔಷಧದ ಗುಂಪಿನಲ್ಲಿಟ್ಟು ಎಣಿಸುವುದು ಯಾವ ನ್ಯಾಯ, ಅವನನ್ನು ಬಿಟ್ಟುಬಿಡುವುದೇ ಸರಿಯಲ್ಲವೇ, ಎಂದು ಯಾರಿಗಾದರೂ ತೋಚುವುದು ಸಹಜ. ತಿಳಿದವರಿಗೂ ಹಾಗೆಯೇ ತೋಚಿತ್ತು. ಅದರಿಂದಾದ ಅನರ್ಥವನ್ನು ವಿವರಿಸುವ ಮೊದಲು, ಒಂದು ಹಳೆಯ ಪ್ರಯೋಗದ ಕಥೆಯನ್ನು ಹೇಳಬೇಕಾಗಿದೆ. ಅದು ಔಷಧದ್ದಲ್ಲ, ಹಾಲಿನದು.

೧೯೩೦ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್ ಪ್ರಾಂತದ ೬೭ ಶಾಲೆಗಳಲ್ಲಿ ಸುಮಾರು ೨೦,೦೦೦ ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ೧೦,೦೦೦ ಮಕ್ಕಳಿಗೆ ದಿನಕ್ಕೆ ಮುಕ್ಕಾಲು ಪೈಂಟು ಹಾಲು. ಉಳಿದ ೧೦,೦೦೦ ಮಕ್ಕಳಿಗೆ ಏನೂ ಇಲ್ಲ. ಫೆಬ್ರವರಿಯಿಂದ ಜೂನ್‌ವರೆಗೆ ಕೊಟ್ಟು, ಮೊದಲೂ ಕೊನೆಯಲ್ಲೂ ಎಲ್ಲರ ಎತ್ತರ ತೂಕಗಳನ್ನು ನೋಡುವುದೆಂದು ಏರ್ಪಾಡು. ಯಾರಿಗೆ ಹಾಲು, ಯಾರಿಗಿಲ್ಲ ಎಂಬುದನ್ನು ಚೀಟಿಯಿಂದಲೋ ಅಕ್ಷರಾನುಕ್ರಮದಿಂದಲೋ ತೀರ್ಮಾನಿಸಿದರು. ಆದರೆ ಜೊತೆಗೆ ಒಂದು ಸಣ್ಣ ಸಡಿಲಿಕೆಯನ್ನೂ ಇಟ್ಟಿದ್ದರು: ಒಂದು ಗುಂಪಿನಲ್ಲಿ ಪುಷ್ಟರಾದವರೋ ಕೃಶರಾದವರೋ ಅತಿಯಾಗಿದ್ದಾರೆಂದು ಕಂಡರೆ, ಉಪಾಧ್ಯಾಯರು ಕೆಲವರನ್ನು ಬದಲಾಯಿಸಬಹುದು. ಉಪಾಧ್ಯಾಯರೂ ಮನುಷ್ಯರೇ. ಹಸಿದ ಮುಖದ ಮಗುವಿಗೆ ಹಾಲು ತಪ್ಪಿಸಲು ಯಾರ ಕೈ ಬಂದೀತು? ಮುಂದಿನ ವರ್ಷ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಬರೆಯುತ್ತಿದ್ದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಸ್. ಗಾಸೆಟ್ ಅಂಕಿಗಳನ್ನು ಪರಿಶೀಲಿಸಿದಾಗ, ಹಾಲಿಲ್ಲದ ಗುಂಪಿನ ಮಕ್ಕಳು ಪ್ರಯೋಗ ಆರಂಭವಾಗುವಾಗಲೇ ಹಾಲಿನ ಗುಂಪಿನವರಿಗಿಂತ ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ಸುಮಾರು ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರೆಂದು ತಿಳಿದುಬಂದಿತು. ಸಾಲದೆಂಬಂತೆ ಮಕ್ಕಳನ್ನು ಉಟ್ಟ ಬಟ್ಟೆಯಲ್ಲಿಯೇ ತೂಗಿದ್ದರು. ಚಳಿಗಾಲದಲ್ಲಿ ದಪ್ಪ ಬಟ್ಟೆ ಇದ್ದವರು ಬೇಸಗೆಯಲ್ಲಿ ಅದನ್ನು ಕಳಚಿದರು. ಬಡವರ ಮಕ್ಕಳಿಗೆ ಕಳಚಲು ಅಷ್ಟೇನೂ ಇರಲಿಲ್ಲ. ಇಪ್ಪತ್ತು ಸಾವಿರ ಮಕ್ಕಳ ಬದಲು ಐವತ್ತು ಜೊತೆ ಅವಳಿಮಕ್ಕಳನ್ನು ತೆಗೆದುಕೊಂಡಿದ್ದರೆ ಹೆಚ್ಚು ನಂಬಿಕೆಗೆ ಅರ್ಹವಾದ ಉತ್ತರ ಸಿಗುತ್ತಿತ್ತೆಂದು ಗಾಸೆಟ್ ಬರೆದರು.

ಇಲ್ಲಿ ಯಾರೂ ಮೋಸ ಮಾಡಲಿಲ್ಲ. ವಿಧಿಯನ್ನು ಮುರಿದರೆಂದೂ ಹೇಳುವಂತಿಲ್ಲ, ಏಕೆಂದರೆ ವಿಧಿಯೇ ಆ ಬಾಗಿಲನ್ನು ತೆರೆದಿಟ್ಟಿತ್ತು. ಚೀಟಿ ಕೊಟ್ಟ ಸಮತೂಕವನ್ನು ಆಮೇಲಿನ ಸದುದ್ದೇಶದ ಕೈಗಳು ಅಲುಗಿಸಿದವು, ಅಷ್ಟೆ. ಈಗಿನ ಔಷಧ ಪರೀಕ್ಷೆಗಳಲ್ಲಿ ಆ ಬಾಗಿಲನ್ನು ಭದ್ರವಾಗಿ ಮುಚ್ಚಿರುತ್ತಾರೆ. ಆದರೆ ಪರೀಕ್ಷೆಯ ಇನ್ನೊಂದು ತುದಿಯಲ್ಲಿ, ಲೆಕ್ಕ ಹಾಕುವ ಕೋಣೆಯಲ್ಲಿ, ಅಂಥದೇ ಬಾಗಿಲೊಂದು ಬಹುಕಾಲ ತೆರೆದೇ ಇತ್ತು.

ಆಂಟುರೇನ್ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ ಸಲ್ಫಿನ್‌ಪೈರಝೋನ್ ಮೂಲತಃ ಗೌಟ್ ಎಂಬ ಕೀಲುಬೇನೆಯ ಔಷಧ. ಅದು ರಕ್ತದ ಪ್ಲೇಟ್ಲೆಟ್ ಕಣಗಳ ಮೇಲೂ ಪರಿಣಾಮ ಮಾಡುವುದರಿಂದ, ಒಮ್ಮೆ ಹೃದಯಾಘಾತವಾದವರನ್ನು ಮುಂದಿನ ಮರಣದಿಂದ ಕಾಪಾಡೀತೇ ಎಂದು ೧೯೭೦ರ ದಶಕದಲ್ಲಿ ಅಮೆರಿಕ ಮತ್ತು ಕೆನಡಗಳಲ್ಲಿ ಪರೀಕ್ಷೆ ನಡೆಸಿದರು. ಚೀಟಿ ಎತ್ತಿದ್ದು ೧,೬೨೯ ಮಂದಿಗೆ. ಆಮೇಲೆ ಅವರಲ್ಲಿ ೭೧ ಮಂದಿ ಸೇರ್ಪಡೆಯ ನಿಯಮಗಳಿಗೆ ಒಳಪಡುವುದಿಲ್ಲವೆಂದು ತೀರ್ಮಾನಿಸಿ ಅವರನ್ನು ಲೆಕ್ಕದಿಂದ ತೆಗೆದರು. ಉಳಿದವರಲ್ಲಿ ಔಷಧ ಪಡೆದ ೭೭೫ ಮಂದಿಯ ಪೈಕಿ ೬೪ ಮಂದಿ, ಹುಸಿಗುಳಿಗೆ ಪಡೆದ ೭೮೩ ಮಂದಿಯ ಪೈಕಿ ೮೫ ಮಂದಿ ತೀರಿಕೊಂಡಿದ್ದರು. ಎಂದರೆ ಶೇಕಡ ೮.೩ ಮತ್ತು ಶೇಕಡ ೧೦.೯. ಔಷಧ ಪ್ರಾಣ ಉಳಿಸುತ್ತಿರುವಂತೆ ತೋರಿತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದವರು ತೆಗೆದುಹಾಕಿದ ೭೧ ಮಂದಿಯ ಕಡೆಗೆ ದೃಷ್ಟಿ ಹರಿಸಿದರು. ಅವರಲ್ಲಿ ೩೮ ಮಂದಿ ಔಷಧದ ಗುಂಪಿನವರು. ಅವರ ಪೈಕಿ ಸತ್ತವರು ೧೦. ಹುಸಿಗುಳಿಗೆಯವರು ೩೩, ಸತ್ತವರು ೪. ಇವರನ್ನು ಮೊದಲಿದ್ದ ಗುಂಪುಗಳಿಗೇ ಹಿಂತಿರುಗಿಸಿದಾಗ, ಔಷಧದ ಕಡೆ ಶೇಕಡ ೯.೧, ಹುಸಿಗುಳಿಗೆಯ ಕಡೆ ಮೊದಲಿನಂತೆ ೧೦.೯ ಆಯಿತು. ಔಷಧದಿಂದ ಏನೂ ಪ್ರಯೋಜನವಿಲ್ಲದಿದ್ದರೂ ಕೇವಲ ಆಕಸ್ಮಿಕವಾಗಿ ಇಷ್ಟು ಅಂತರ ಕಾಣಿಸಿಕೊಳ್ಳುವ ಸಂಭವ ನೂರಕ್ಕೆ ೭ ಇದ್ದದ್ದು ೨೦ಕ್ಕೆ ಏರಿತು. ಇದಲ್ಲದೆ, ಔಷಧ ಆರಂಭಿಸಿದ ಏಳು ದಿನಗಳೊಳಗಿನ ಸಾವು, ನಿಲ್ಲಿಸಿ ಏಳು ದಿನಗಳಾದ ಮೇಲಿನ ಸಾವು ಲೆಕ್ಕಕ್ಕೆ ಬಾರದೆಂದೂ ಪ್ರಯೋಗದವರು ಇಟ್ಟುಕೊಂಡಿದ್ದರು. ಸಾವಿನ ಕಾರಣಗಳನ್ನು ವಿಂಗಡಿಸಿದ್ದರಲ್ಲಿಯೂ ತಪ್ಪುಗಳಿದ್ದು, ಅವು ಹೆಚ್ಚಾಗಿ ಔಷಧದ ಕಡೆಗೇ ವಾಲಿದ್ದವು. ಹಠಾತ್ ಮರಣವನ್ನು ತಡೆಯುತ್ತದೆಂಬ ಹೇಳಿಕೆಗೆ ಆಡಳಿತ ಒಪ್ಪಿಗೆ ಕೊಡಲಿಲ್ಲ. ಟೆಂಪಲ್ ಮತ್ತು ಪ್ಲೆಜರ್ ಎಂಬ ಇಬ್ಬರು ಅಧಿಕಾರಿಗಳು ೧೯೮೦ರಲ್ಲಿ ಪ್ರಕಟಿಸಿದ ವಿಮರ್ಶೆ ಈ ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುವ ಪಾಠವಾಗಿದೆ. ಆ ೭೧ ಮಂದಿಯಲ್ಲಿ ಒಬ್ಬೊಬ್ಬರನ್ನು ಬಿಟ್ಟದ್ದಕ್ಕೂ ಒಂದು ಕಾರಣವಿತ್ತೆಂಬುದನ್ನು ಮರೆಯಬಾರದು. ಕಾರಣಗಳು ಸುಳ್ಳಲ್ಲದಿರಬಹುದು, ಆದರೆ ಯಾರು ಬದುಕಿದರು, ಯಾರು ಸತ್ತರು ಎಂದು ತಿಳಿಯಬಹುದಾದ ಕಾಲದಲ್ಲಿ ಅವನ್ನು ಹುಡುಕಿದ್ದೇ ತೊಡಕು.

ಸರಿ, ಅನರ್ಹರ ವಿಷಯ ಹಾಗಿರಲಿ; ಔಷಧವನ್ನು ಸರಿಯಾಗಿ ತೆಗೆದುಕೊಳ್ಳದವರನ್ನಾದರೂ ಬಿಡಬಹುದಲ್ಲ ಎಂದರೆ, ಅದಕ್ಕೂ ಅದೇ ೧೯೮೦ರಲ್ಲಿ ಒಂದು ಸ್ವಾರಸ್ಯವಾದ ಉತ್ತರ ದೊರೆಯಿತು. ಕರೋನರಿ ಡ್ರಗ್ ಪ್ರಾಜೆಕ್ಟ್ ಎಂಬ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ, ರಕ್ತದ ಕೊಬ್ಬನ್ನು ಇಳಿಸುವ ಕ್ಲೋಫೈಬ್ರೇಟ್ ಎಂಬ ಔಷಧವನ್ನು ಹೃದಯಾಘಾತವಾಗಿದ್ದ ಗಂಡಸರಿಗೆ ಕೊಟ್ಟು ನೋಡಿದ್ದರು. ಐದು ವರ್ಷಗಳಲ್ಲಿ ಔಷಧದವರಲ್ಲಿ ಶೇಕಡ ೨೦, ಹುಸಿಗುಳಿಗೆಯವರಲ್ಲಿ ಶೇಕಡ ೨೦.೯ ಮಂದಿ ತೀರಿಕೊಂಡರು. ಎಂದರೆ ಗುಣ ಕಾಣಲಿಲ್ಲ. ಆದರೆ ಔಷಧದ ಗುಂಪಿನೊಳಗೆ ಗುಳಿಗೆಗಳಲ್ಲಿ ನೂರಕ್ಕೆ ೮೦ರಷ್ಟನ್ನಾದರೂ ನುಂಗಿದವರನ್ನು ಬೇರ್ಪಡಿಸಿ ನೋಡಿದಾಗ, ಅವರಲ್ಲಿ ಸಾವು ಶೇಕಡ ೧೫ ಮಾತ್ರ. ಸರಿಯಾಗಿ ನುಂಗದವರಲ್ಲಿ ಶೇಕಡ ೨೪.೬! ಔಷಧದ ಪ್ರಭಾವ ಇಲ್ಲಿದೆಯಲ್ಲ ಎಂದು ಹಿಗ್ಗುವವರ ಮುಂದೆ ಪ್ರಯೋಗದವರು ಇನ್ನೊಂದು ಸಾಲನ್ನೂ ಇಟ್ಟರು. ಹುಸಿಗುಳಿಗೆಯನ್ನು ನಿಷ್ಠೆಯಿಂದ ನುಂಗಿದವರಲ್ಲಿ ಸಾವು ಶೇಕಡ ೧೫.೧, ಹುಸಿಗುಳಿಗೆಯನ್ನೂ ಸರಿಯಾಗಿ ನುಂಗದವರಲ್ಲಿ ಶೇಕಡ ೨೮.೨.

ಏನೂ ಇಲ್ಲದ ಗುಳಿಗೆ ಪ್ರಾಣ ಉಳಿಸಲಾರದು. ಹಾಗಾದರೆ ಉಳಿಸಿದ್ದು ಯಾವುದು? ಹೇಳಿದಂತೆ ಗುಳಿಗೆ ನುಂಗುವವರು ಬೇರೆ ವಿಷಯಗಳಲ್ಲಿಯೂ ಎಚ್ಚರಿಕೆಯವರಾಗಿರಬಹುದು. ಹೆಚ್ಚು ಕಾಯಿಲೆಯಾದವರೇ ಗುಳಿಗೆ ಬಿಟ್ಟಿರಲೂಬಹುದು. ರೋಗಿಗಳ ೪೦ ಲಕ್ಷಣಗಳನ್ನು ಗಣನೆಗೆ ತೆಗೆದುಕೊಂಡು ಹುಸಿಗುಳಿಗೆಯ ಅಂಕಿಗಳನ್ನು ಸರಿತೂಗಿಸಿ ನೋಡಿದರೂ ೧೬.೪ಕ್ಕೆ ೨೫.೮ರ ಅಂತರ ಉಳಿದೇ ಉಳಿಯಿತು. ವಿಧಿಗೆ ಬದ್ಧರಾದವರೂ ತಪ್ಪಿದವರೂ ಒಂದೇ ಬಗೆಯ ಜನರಲ್ಲ. ಚೀಟಿ ಅವರನ್ನು ಬೆರೆಸಿತ್ತು, ನಾವು ಮತ್ತೆ ವಿಂಗಡಿಸಿದೆವು.

ಇದನ್ನು ಓದುಗರು ಕಾಗದದ ಮೇಲೆ ತಾವೇ ಲೆಕ್ಕ ಹಾಕಿ ನೋಡಬಹುದು. ಯಾವ ಪ್ರಯೋಜನವೂ ಇಲ್ಲದ ಒಂದು ಶಸ್ತ್ರಚಿಕಿತ್ಸೆಯನ್ನು ಊಹಿಸಿಕೊಳ್ಳಿ. ಶಸ್ತ್ರಚಿಕಿತ್ಸೆಗೆಂದು ೧೦೦ ಮಂದಿ, ಬರಿಯ ಔಷಧಕ್ಕೆಂದು ೧೦೦ ಮಂದಿ. ಎರಡು ಕಡೆಯೂ ಮೊದಲ ತಿಂಗಳಲ್ಲಿ ೧೦ ಮಂದಿ, ಮುಂದೆ ೨೦ ಮಂದಿ ಸಾಯುವರೆಂದು ಇಟ್ಟುಕೊಳ್ಳೋಣ. ಶಸ್ತ್ರಚಿಕಿತ್ಸೆಗೆ ಒಂದು ತಿಂಗಳು ಕಾಯಬೇಕು. ಆದುದರಿಂದ ಆ ಕಡೆಯ ಮೊದಲ ೧೦ ಮಂದಿ ಚಿಕಿತ್ಸೆಗೆ ಮುಂಚೆಯೇ ಸತ್ತವರು. ಚೀಟಿಯಂತೆ ಎಣಿಸಿದರೆ ಎರಡು ಕಡೆಯೂ ಶೇಕಡ ೩೦. ಶಸ್ತ್ರಚಿಕಿತ್ಸೆ ಆಗದವರನ್ನು ಬಿಟ್ಟರೆ ಒಂದು ಕಡೆ ೯೦ಕ್ಕೆ ೨೦, ಎಂದರೆ ಶೇಕಡ ೨೨.೨, ಇನ್ನೊಂದು ಕಡೆ ೩೦. ಅವರನ್ನು ಔಷಧದವರೆಂದೇ ಎಣಿಸಿದರಂತೂ ೨೨.೨ಕ್ಕೆ ಎದುರಾಗಿ ೩೬.೪. ಕತ್ತಿ ಏನೂ ಮಾಡಲಿಲ್ಲ. ಎಣಿಕೆಯೇ ಎಲ್ಲವನ್ನೂ ಮಾಡಿತು.

ಈ ಕಾರಣದಿಂದಲೇ, ಯಾರಿಗೆ ಯಾವ ಚೀಟಿ ಬಂದಿತೋ ಅವರು ಏನನ್ನೇ ನುಂಗಲಿ, ಬಿಡಲಿ, ಅದೇ ಗುಂಪಿನಲ್ಲಿ ಎಣಿಸಬೇಕೆಂಬುದು ಮುಖ್ಯ ಲೆಕ್ಕದ ನಿಯಮವಾಯಿತು. ಆದರೆ ಎಲ್ಲ ಸಂದರ್ಭಕ್ಕೂ ಇದೊಂದೇ ಸಾಲದು. ಹೊಸ ಔಷಧ ಹಳೆಯದಕ್ಕಿಂತ ಕೀಳಲ್ಲವೆಂದಷ್ಟೇ ತೋರಿಸಬೇಕಾದ ಪರೀಕ್ಷೆಗಳಿವೆ. ಅಲ್ಲಿ ಎರಡು ಕಡೆಯ ರೋಗಿಗಳೂ ಔಷಧವನ್ನು ಬಿಟ್ಟು ಕುಳಿತರೆ ಎರಡು ಗುಂಪುಗಳೂ ಒಂದೇ ತೆರನಾಗಿ ಕಾಣುತ್ತವೆ. ಅಶಿಸ್ತೇ ಹೊಸ ಔಷಧಕ್ಕೆ ಯೋಗ್ಯತಾಪತ್ರ ಬರೆದುಕೊಟ್ಟಂತಾಗುತ್ತದೆ. ಆದಕಾರಣ ವಿಧಿಬದ್ಧರ ಎರಡನೆಯ ಲೆಕ್ಕವೂ ಬೇಕಾಗುತ್ತದೆ. ಅಂದಮೇಲೆ ಯಾವ ಲೋಪ ದೊಡ್ಡದು, ಯಾವುದು ಚಿಕ್ಕದು ಎಂದು ತೀರ್ಮಾನಿಸದೆ ಗತಿಯಿಲ್ಲ.

ಯಜ್ಞದಲ್ಲಿ ಏನೇನು ತಪ್ಪಬಹುದು, ತಪ್ಪಿದರೆ ಏನೇನು ಪ್ರಾಯಶ್ಚಿತ್ತ ಎಂಬುದನ್ನು ನಮ್ಮ ಶ್ರೌತಸೂತ್ರಗಳು ಮುಂಚಿತವಾಗಿಯೇ ಪಟ್ಟಿ ಮಾಡಿಟ್ಟಿವೆ. ಆಹುತಿ ಚೆಲ್ಲಿದ ಮೇಲೆ ಋತ್ವಿಜರು ಕುಳಿತು ಚರ್ಚಿಸುವ ಪ್ರಮೇಯವಿಲ್ಲ. ಔಷಧ ಪರೀಕ್ಷೆಯವರು ಇದೇ ಬಗೆಯ ಏರ್ಪಾಡಿಗೆ ಬಂದದ್ದು ತಡವಾಗಿ. ವಿಧಿಲೋಪಗಳನ್ನು ಅಳೆಯುವ ಮಾದರಿ ಯೋಜನೆಯೊಂದನ್ನು ಮೊದಲ ರೋಗಿ ಬರುವುದಕ್ಕೆ ಮುಂಚೆಯೇ ಬರೆದು, ಎಲ್ಲ ಆಸ್ಪತ್ರೆಗಳಿಗೂ ಒಂದೇ ರೂಪದಲ್ಲಿ ಕೊಡುವ ಪದ್ಧತಿ ಈಗ ಬೆಳೆದಿದೆ. ಐಸಿಎಚ್ ಎಂದು ಪ್ರಸಿದ್ಧವಾದ ಅಂತರರಾಷ್ಟ್ರೀಯ ಸಮನ್ವಯ ಸಂಸ್ಥೆ ೧೯೯೮ರ ತನ್ನ ಮಾರ್ಗಸೂಚಿಯಲ್ಲಿ, ಯಾರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂಬ ನಿಯಮಗಳನ್ನು ಮುಂಚೆಯೇ ಗೊತ್ತುಮಾಡಿ, ಚಿಕಿತ್ಸೆಯ ಗುಟ್ಟು ಒಡೆಯುವ ಮೊದಲೇ ಪರಿಶೀಲನೆಯನ್ನು ಮುಗಿಸಬೇಕೆಂದಿತು. ಅಂಕಿ ಅಂಶಗಳ ನಂಬಿಕೆಯನ್ನಾಗಲಿ ರೋಗಿಯ ಹಕ್ಕು, ಕ್ಷೇಮಗಳನ್ನಾಗಲಿ ಗಣನೀಯವಾಗಿ ಬಾಧಿಸಬಹುದಾದ ಲೋಪವೇ ಮುಖ್ಯ ಲೋಪ ಎಂದು ೨೦೧೨ರಲ್ಲಿ ವಿವರಿಸಿತು.

ಯೋಜನೆಯಲ್ಲಿ ಏನಿರುತ್ತದೆಂಬುದಕ್ಕೆ ರಕ್ತದೊತ್ತಡದ ಔಷಧವೊಂದರ ಪರೀಕ್ಷೆಯನ್ನು ಕಲ್ಪಿಸಿಕೊಳ್ಳೋಣ. ಹನ್ನೆರಡನೆಯ ವಾರದ ಒತ್ತಡವೇ ಅಲ್ಲಿ ನಿರ್ಣಾಯಕವಾದ ಅಳತೆ. ಹಾಗಿದ್ದಲ್ಲಿ ನಾಲ್ಕನೆಯ ವಾರದ ಭೇಟಿಗೆ ರೋಗಿ ಐದು ದಿನ ತಡವಾಗಿ ಬಂದರೆ ಅದು ಚಿಕ್ಕ ಲೋಪ. ಹನ್ನೆರಡನೆಯ ವಾರದ ಭೇಟಿಯೇ ತಪ್ಪಿದರೆ ದೊಡ್ಡದು. ನಡುವಿನ ಒಂದು ಭೇಟಿಯಲ್ಲಿ ರೋಗಿಯನ್ನು ಕೂರಿಸುವ ಬದಲು ನಿಲ್ಲಿಸಿ ಒತ್ತಡ ನೋಡಿದ್ದು ಚಿಕ್ಕದು. ಕೊನೆಯ ಭೇಟಿಯಲ್ಲಿ ಹಾಗೆ ಮಾಡಿದ್ದು ದೊಡ್ಡದು. ಹೊರಗಿನ ಡಾಕ್ಟರಿಂದ ಬೇರೊಂದು ಒತ್ತಡದ ಗುಳಿಗೆ ಬರೆಸಿಕೊಂಡು ನುಂಗಿದ್ದು ದೊಡ್ಡದು. ಒಪ್ಪಿಗೆ ಪತ್ರಕ್ಕೆ ಸಹಿ ಆಗುವ ಮುಂಚೆ ರಕ್ತ ತೆಗೆದದ್ದು ಲೆಕ್ಕಕ್ಕೆ ಬಾಧಕವಲ್ಲದಿದ್ದರೂ ದೊಡ್ಡದೇ, ಏಕೆಂದರೆ ಅಲ್ಲಿ ನೋಯುವುದು ರೋಗಿಯ ಹಕ್ಕು. ಗುಳಿಗೆಗಳಲ್ಲಿ ನೂರಕ್ಕೆ ೮೦ಕ್ಕಿಂತ ಕಡಿಮೆ ನುಂಗಿದ್ದರೆ ದೊಡ್ಡದು. ಎಂಬತ್ತೇ ಏಕೆ, ಎಪ್ಪತ್ತೈದೇಕಾಗಬಾರದು ಎಂದು ಕೇಳಿದರೆ ನೇರವಾದ ಉತ್ತರವಿಲ್ಲ. ನನ್ನ ಅಭಿಪ್ರಾಯದಲ್ಲಿ ಉತ್ತರ ಬೇಕಾಗಿಯೂ ಇಲ್ಲ. ಮೊದಲೇ ಎಳೆದ ಒರಟು ಗೆರೆ, ಫಲ ನೋಡಿ ಎಳೆದ ನವಿರಾದ ಗೆರೆಗಿಂತ ಮೇಲು.

ವಿಂಗಡಿಸುವವರು ಯಾರಿಗೆ ಯಾವ ಚೀಟಿ ಬಂದಿದೆಯೆಂದು ತಿಳಿಯದವರಾಗಿರಬೇಕು. ಪಟ್ಟಿಗೆ ರುಜು ಹಾಕಿ ಮುಚ್ಚಿದ ಮೇಲೆಯೇ ಗುಟ್ಟು ಒಡೆಯಬೇಕು. ಎರಡೂ ಲೆಕ್ಕಗಳನ್ನು ಅಚ್ಚು ಮಾಡಬೇಕು. ಶಬ್ದಗಳೂ ಒಂದೇ ಆಗಿರುವುದು ಅವಶ್ಯ. ಒಂದು ಆಸ್ಪತ್ರೆ ‘ತಡ’ ಎಂದು ಬರೆದದ್ದನ್ನು ಇನ್ನೊಂದು ‘ಗೈರುಹಾಜರಿ’ ಎಂದು ಬರೆದರೆ ಕೂಡಿಸುವುದಾದರೂ ಹೇಗೆ? ಚಿಕ್ಕ ಲೋಪಗಳನ್ನೂ ಎಣಿಸುತ್ತ ಹೋಗಬೇಕು. ಒಂದೇ ಆಸ್ಪತ್ರೆಯಿಂದ ‘ಔಷಧ ಬಿಸಿಯಾಯಿತು’ ಎಂಬ ವರದಿ ಹತ್ತು ಸಲ ಬಂದರೆ, ಕೆಟ್ಟಿರುವುದು ಅಲ್ಲಿನ ಶೈತ್ಯಪೆಟ್ಟಿಗೆಯೇ ಹೊರತು ರೋಗಿಗಳಲ್ಲ. ಲೋಪದ ಪುಸ್ತಕವನ್ನು ಶಿಕ್ಷೆಯ ಪುಸ್ತಕವಾಗಿ ಬಳಸುವ ಮೇಲಧಿಕಾರಿಗಳಿದ್ದಲ್ಲಿ ಮಾತ್ರ ಈ ಏರ್ಪಾಡೆಲ್ಲ ನೀರಿನಲ್ಲಿ ಹೋಮ. ಹೆದರಿದ ದಾದಿ ತಪ್ಪನ್ನು ಬರೆಯುವುದಿಲ್ಲ.

ವಿಧಿಯನ್ನು ಬೇಕೆಂದೇ ಮೀರಬೇಕಾದ ಸಂದರ್ಭವೂ ಉಂಟು. ಭಾರತದ ೨೦೧೯ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಗಳ ಪ್ರಕಾರ, ನೀತಿಸಮಿತಿಯ ಒಪ್ಪಿಗೆಯಿಲ್ಲದೆ ವಿಧಿಪತ್ರದಿಂದ ಆಚೀಚೆ ಸರಿಯುವುದಿಲ್ಲವೆಂದು ಪರೀಕ್ಷೆ ನಡೆಸುವ ವೈದ್ಯರು ಬರೆದುಕೊಡಬೇಕು. ಆದರೆ ರೋಗಿಗೆ ಒದಗಿದ ತತ್‌ಕ್ಷಣದ ಅಪಾಯವನ್ನು ನಿವಾರಿಸುವುದಕ್ಕೆ ಈ ಕಟ್ಟು ಅಡ್ಡಬರುವುದಿಲ್ಲ. ಉಸಿರು ಕಟ್ಟುತ್ತಿರುವವನ ಮುಂದೆ ವಿಧಿಪತ್ರದ ಪುಟ ತಿರುವಬೇಕೆಂದು ಯಾರೂ ಹೇಳಿಲ್ಲ.

ಇನ್ನು ನಮಗೆಲ್ಲ ಹತ್ತಿರದ ಒಂದು ನಿದರ್ಶನ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೂ ಆಸ್ಟ್ರಾಜೆನೆಕಾ ಕಂಪನಿಯೂ ರೂಪಿಸಿದ ಕೊರೋನಾ ಲಸಿಕೆಯನ್ನು ಪುಣೆಯ ಸೀರಂ ಸಂಸ್ಥೆ ಕೋವಿಶೀಲ್ಡ್ ಎಂಬ ಹೆಸರಿನಿಂದ ತಯಾರಿಸಿತು. ನಮ್ಮಲ್ಲಿ ಬಹುಮಂದಿ ಹಾಕಿಸಿಕೊಂಡದ್ದು ಇದನ್ನೇ. ೨೦೨೦ರಲ್ಲಿ ಬ್ರಿಟನ್ನಿನಲ್ಲಿ ಅದರ ಪರೀಕ್ಷೆ ನಡೆಯುತ್ತಿದ್ದಾಗ, ಒಂದು ತಯಾರಿಕೆಯ ಸಾಂದ್ರತೆಯನ್ನು ಎರಡು ವಿಧಾನಗಳಿಂದ ಅಳೆದುದರಲ್ಲಿ ವ್ಯತ್ಯಾಸ ಬಂದಿತು. ಬೆಳಕಿನ ಹೀರಿಕೆಯಿಂದ ಅಳೆಯುವ ವಿಧಾನಕ್ಕೆ ಲಸಿಕೆಯಲ್ಲಿದ್ದ ಬೇರೊಂದು ಪದಾರ್ಥ ಅಡ್ಡಿಪಡಿಸಿ, ಇದ್ದದ್ದಕ್ಕಿಂತ ಹೆಚ್ಚು ತೋರಿಸಿತು. ಅದನ್ನು ನಂಬಿ ಕೊಟ್ಟ ಮೊದಲ ಡೋಸು ಕೆಲವರಿಗೆ ಅರ್ಧದಷ್ಟೇ ಆಯಿತು. ವಿಷಯ ತಿಳಿದೊಡನೆ ನಿಯಂತ್ರಣಾಧಿಕಾರಿಗಳಿಗೆ ತಿಳಿಸಿ, ವಿಧಿಪತ್ರವನ್ನು ತಿದ್ದಿ, ಅವರನ್ನು ಬೇರೆ ಗುಂಪಾಗಿ ಗುರುತಿಸಿದರು.

ಫಲಿತಾಂಶ ಬಂದಾಗ ಎಲ್ಲರೂ ಬೆರಗಾದರು. ಎರಡು ಪೂರ್ಣ ಡೋಸು ಪಡೆದವರಲ್ಲಿ ರಕ್ಷಣೆ ಶೇಕಡ ೬೨.೧, ಮೊದಲು ಅರ್ಧ, ಆಮೇಲೆ ಪೂರ್ಣ ಪಡೆದವರಲ್ಲಿ ಶೇಕಡ ೯೦! ಈ ಗುಂಪಿನ ೧,೩೬೭ ಮಂದಿಯಲ್ಲಿ ರೋಗ ಬಂದದ್ದು ೩ ಮಂದಿಗೆ. ಅವರೊಡನೆ ಹೋಲಿಸಿದ ೧,೩೭೪ ಮಂದಿಯಲ್ಲಿ ೩೦ ಮಂದಿಗೆ. ಕಡಿಮೆ ಲಸಿಕೆಯಿಂದ ಹೆಚ್ಚು ರಕ್ಷಣೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿತು. ಆದರೆ ಅರ್ಧ ಡೋಸು ಯಾರಿಗೆ ಎಂಬುದನ್ನು ಚೀಟಿ ನಿರ್ಧರಿಸಿರಲಿಲ್ಲ. ಅವರಲ್ಲಿ ೫೫ ವರ್ಷ ದಾಟಿದವರು ಒಬ್ಬರೂ ಇರಲಿಲ್ಲ. ಅವರ ಎರಡು ಡೋಸುಗಳ ನಡುವಣ ಅಂತರವೂ ಇತರರಿಗಿಂತ ಉದ್ದವಾಗಿತ್ತು. ಬ್ರಿಟನ್ನಿನ ನಿಯಂತ್ರಣಾಧಿಕಾರಿಗಳು ೨೦೨೦ರ ಡಿಸೆಂಬರ್ ೩೦ರಂದು ಒಪ್ಪಿಗೆ ಕೊಟ್ಟದ್ದು ಎರಡು ಪೂರ್ಣ ಡೋಸುಗಳ ಕ್ರಮಕ್ಕೇ. ೨೦೨೧ರ ಫೆಬ್ರವರಿಯಲ್ಲಿ ಪೂರ್ಣ ಡೋಸಿನವರನ್ನೇ ಅಂತರಕ್ಕೆ ತಕ್ಕಂತೆ ವಿಂಗಡಿಸಿದಾಗ, ಆರು ವಾರಕ್ಕಿಂತ ಕಡಿಮೆ ಅಂತರವಿದ್ದವರಲ್ಲಿ ರಕ್ಷಣೆ ಶೇಕಡ ೫೫.೧, ಹನ್ನೆರಡು ವಾರ ಅಥವಾ ಹೆಚ್ಚು ಇದ್ದವರಲ್ಲಿ ಶೇಕಡ ೮೧.೩ ಎಂದು ಕಂಡಿತು. ಈ ಅಂತರವೂ ಚೀಟಿಯಿಂದ ಬಂದದ್ದಲ್ಲವೆಂಬುದನ್ನು ನೆನಪಿಡಬೇಕು. ಆದರೂ ಅರ್ಧ ಡೋಸಿನ ಮಾಯೆಗೆ ಇದು ಹೆಚ್ಚು ಸರಳವಾದ ವಿವರಣೆ. ಬ್ರಿಟನ್ನಿನ ಅನುಭವವನ್ನು ಮುಖ್ಯವಾಗಿ ಆಧರಿಸಿ ಭಾರತ ಸರಕಾರ ೨೦೨೧ರ ಮೇ ತಿಂಗಳಲ್ಲಿ ಕೋವಿಶೀಲ್ಡಿನ ಎರಡು ಡೋಸುಗಳ ನಡುವಣ ಅವಧಿಯನ್ನು ೧೨ರಿಂದ ೧೬ ವಾರಗಳಿಗೆ ಹೆಚ್ಚಿಸಿತು.